ಒಂದೂವರೆ ನಕ್ಷತ್ರ

ಈ ನೌಕರಿಯಲ್ಲಿ ನಾನು ಬರೆದ ಸಾವಿರಾರು ಸಾಲುಗಳಲ್ಲಿ ಅತಿ ಕೆಟ್ಟದ್ದು ಎರಡೇ ಪದದ್ದು: ‘ಗ್ರಹಿಕೆ ಕಡಿಮೆ.’ ನೀಲಿ ಇಂಕಿನಲ್ಲಿ, ದುಂಡಗೆ, ಶಾಲೆಯ ಪ್ರಗತಿ ರಿಜಿಸ್ಟರಿನಲ್ಲಿ ಒಂದು ಹುಡುಗಿಯ ಹೆಸರಿನ ಮುಂದೆ ಬರೆದು ಕೆಳಗೆ ಸಹಿ ಹಾಕಿದ್ದೆ. ಆ ಎರಡು ಪದ ಅವಳ ಬೆನ್ನು ಹತ್ತಿದ್ದನ್ನೂ, ಅದನ್ನು ಹೊಡೆದುಹಾಕಲು ಹೋಗಿ ನಾನು ನೌಕರಿಗೇ ಕುತ್ತು ತಂದುಕೊಂಡಿದ್ದನ್ನೂ ಇಲ್ಲಿ ಹೇಳುತ್ತೇನೆ. ಕುತ್ತು ತಂದುಕೊಂಡೆನಲ್ಲಾ ಅಂತ ನನಗೆ ಇವತ್ತಿಗೂ ಬೇಜಾರಿಲ್ಲ. ಬರೆದೆನಲ್ಲಾ ಅಂತ ಇದೆ.

ನಾನು ಚಳ್ಳಕೆರೆಯವಳು. ನಮ್ಮದು ಎಣ್ಣೆ ಮಿಲ್ಲಿನ ಮನೆ. ಶೇಂಗಾ ಸಿಪ್ಪೆಯ ದೂಳು, ಹಿಂಡಿಯ ವಾಸನೆ, ಬೆಳಗಿನಿಂದ ಸಂಜೆವರೆಗೆ ಮಿಷಿನ್ನಿನ ಸದ್ದು. ಆ ಸದ್ದಿನ ಮೇಲೆ ಕೇಳಿಸಬೇಕು ಅಂತಲೋ ಏನೋ, ನಮ್ಮ ಮನೆಯಲ್ಲಿ ಎಲ್ಲರದೂ ದೊಡ್ಡ ಬಾಯಿ. ಹಬ್ಬದ ಊಟಕ್ಕೆ ಕೂತಾಗ ಅಪ್ಪ ಮಗ್ಗಿ ಕೇಳುತ್ತಿದ್ದರು. ಹದಿಮೂರೇಳ್ಲಿ ಎಷ್ಟು? ಮೊದಲು ಹೇಳಿದವರ ಎಲೆಗೆ ಮೊದಲ ಹೋಳಿಗೆ. ಯಾವಾಗಲೂ ನಾನೇ ಮೊದಲು. ನನ್ನ ತಮ್ಮ ಎಲೆ ಮುಂದೆ ಅಳುತ್ತಾ ಕೂತಿರುತ್ತಿದ್ದ, ಎಲ್ಲರೂ ನಗುತ್ತಿದ್ದೆವು. ಬೇಗ ಹೇಳುವವರು ಜಾಣರು, ಹೇಳದವರು ದಡ್ಡರು ಎನ್ನುವುದು ನನಗೆ ಹೋಳಿಗೆಯ ಜೊತೆಗೇ ಹೊಟ್ಟೆ ಸೇರಿದ ಪಾಠ.

ಇಷ್ಟು ಜಾಣೆಯನ್ನು ಸರ್ಕಾರ ತೆಗೆದುಕೊಂಡು ಹೋಗಿ ಮ್ಯಾಸನಾಯಕರ ಒಂದು ಹಟ್ಟಿಯ ಶಾಲೆಗೆ ಹಾಕಿತು. ಚಳ್ಳಕೆರೆಯಿಂದ ಮೊಳಕಾಲ್ಮೂರು ಕಡೆಯ ಬಸ್ಸು ಹತ್ತಿ, ತಳಕು ದಾಟಿದ ಮೇಲೆ ಒಂದು ಗೇಟಿನಲ್ಲಿ ಇಳಿದು, ಜಾಲಿ ಗಿಡಗಳ ನಡುವೆ ಅರ್ಧ ಗಂಟೆ ನಡೆಯಬೇಕು. ಐದನೇ ಕ್ಲಾಸಿನವರೆಗಿನ ಶಾಲೆ. ಎರಡು ಕೋಣೆ, ಇಬ್ಬರು ಶಿಕ್ಷಕರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಹೆಡ್ ಮೇಷ್ಟ್ರ ಬಳಿ ಸಣ್ಣ ಮಕ್ಕಳು, ನನ್ನ ಬಳಿ ನಾಲ್ಕು ಮತ್ತು ಐದನೇ ಕ್ಲಾಸು ಸೇರಿ ಹತ್ತು ಮಕ್ಕಳು. ಮನೆಯಲ್ಲಿ ಅವರದು ತೆಲುಗು, ನನ್ನೆದುರು ಕನ್ನಡ. ಹಟ್ಟಿಯವರು ಕುರಿ ಸಾಕುತ್ತಾರೆ, ಮಳೆ ಬಿದ್ದರೆ ಶೇಂಗಾ ಹಾಕುತ್ತಾರೆ. ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ. ದೇವರ ಎತ್ತುಗಳು ಹಾದು ಹೋಗುವಾಗ ಚಪ್ಪಲಿ ಬಿಟ್ಟು ಪಕ್ಕಕ್ಕೆ ನಿಲ್ಲುತ್ತಾರೆ. ನಾನೂ ನಿಲ್ಲುತ್ತಿದ್ದೆ. ಅಷ್ಟು ಮಾಡಿದರೆ ಹಟ್ಟಿ ನನಗೆ ಅರ್ಥವಾದ ಹಾಗೆ ಎಂದುಕೊಂಡಿದ್ದೆ.

ಆ ವರ್ಷ ಶಾಲೆ ಶುರುವಾಗುವ ಮುಂಚೆ ನಮಗೊಂದು ತರಬೇತಿ ಆಯಿತು. ಹೊಸ ಪ್ರಯೋಗ ಅಂತ ಹೇಳಿದರು. ಪಟಪಟ ಪ್ರಶ್ನೆ ಕೇಳಬೇಕು, ಪಟಪಟ ಉತ್ತರ ಬರಬೇಕು, ಸರಿ ಹೇಳಿದ ಮಗುವಿಗೆ ಎಲ್ಲರೂ ಚಪ್ಪಾಳೆ ತಟ್ಟಬೇಕು, ಗೋಡೆಯ ಮೇಲಿನ ಚಾರ್ಟಿನಲ್ಲಿ ಅದರ ಹೆಸರಿನ ಮುಂದೆ ಒಂದು ನಕ್ಷತ್ರ ಅಂಟಿಸಬೇಕು. ನನಗಂತೂ ಹೋಳಿಗೆ ಕೊಟ್ಟಷ್ಟೇ ಖುಷಿಯಾಯಿತು. ಇದು ನಮ್ಮ ಮನೆಯ ಪದ್ಧತಿಯೇ ತಾನೇ! ಚಳ್ಳಕೆರೆಯ ಸ್ಟೇಷನರಿ ಅಂಗಡಿಯಲ್ಲಿ ಬಂಗಾರದ ಬಣ್ಣದ ಸ್ಟಿಕ್ಕರಿನ ಹಾಳೆಗಳನ್ನು ತಂದು, ಚಾರ್ಟು ಬರೆದು, ಮೊದಲ ದಿನ ನಿಂತು ಕೇಳಿದೆ.

ಒಬ್ಬರೂ ಬಾಯಿ ಬಿಡಲಿಲ್ಲ. ಎರಡನೇ ದಿನವೂ ಇಲ್ಲ. ಮೂರು ವಾರ ಕಳೆಯಿತು. ಒಬ್ಬ ಹುಡುಗನನ್ನು ಎಬ್ಬಿಸಿ ಕೇಳಿದರೆ ಅವನು ನೆಲ ನೋಡುತ್ತಿದ್ದ. ಮುಂದಿನವನನ್ನು ಎಬ್ಬಿಸಿದರೆ ಅವನೂ ನೆಲ ನೋಡುತ್ತಿದ್ದ. ಒಂದು ಕಡೆಯಿಂದ ಎಬ್ಬಿಸುತ್ತಾ ಹೋದರೆ ಒಂಬತ್ತು ಮಕ್ಕಳು ಎದ್ದು ನಿಂತು ನೆಲ ನೋಡುತ್ತಿದ್ದವು. ನೆಲದಲ್ಲಿ ಅಂಥದ್ದೇನಿದೆ ಅಂತ ನಾನೂ ಒಂದು ಸಲ ಬಗ್ಗಿ ನೋಡಿದೆ, ಅಷ್ಟು ತಲೆ ಕೆಟ್ಟಿತ್ತು.

ಹತ್ತರಲ್ಲಿ ಒಬ್ಬಳು ಮಾತ್ರ ನೆಲ ನೋಡುತ್ತಿರಲಿಲ್ಲ. ಐದನೇ ಕ್ಲಾಸಿನ ಹುಡುಗಿ. ಅವ್ವ ಅಪ್ಪ ಕುರಿ ಹಿಂದೆ ಹೋಗುವವರು, ಮನೆಯಲ್ಲಿ ಒಬ್ಬಳು ಅಜ್ಜಿ. ಈ ಹುಡುಗಿ ನನ್ನ ಕೈ ನೋಡುತ್ತಿದ್ದಳು. ಬೋರ್ಡಿನ ಮೇಲೆ ಬರೆಯುವಾಗ ಕೈ, ಪುಸ್ತಕದ ಹಾಳೆ ತಿರುವುವಾಗ ಕೈ. ಪ್ರಶ್ನೆ ಕೇಳಿದರೆ ನನ್ನ ಮುಖವನ್ನೇ ನೋಡಿ ಸುಮ್ಮನೆ ನಿಲ್ಲುವಳು. ಹೆದರಿಕೆ ಇಲ್ಲ, ನಾಚಿಕೆ ಇಲ್ಲ, ಉತ್ತರವೂ ಇಲ್ಲ. ನನಗೆ ಮೈ ಉರಿಯುತ್ತಿತ್ತು. ಜೂನ್ ಕೊನೆಗೆ ಅವಳ ಬಗ್ಗೆ ಆ ಎರಡು ಪದ ಬರೆದೆ. ಎಷ್ಟು ಹೊತ್ತು ಹಿಡಿಯಿತು ಅಂತೀರಿ? ಪೆನ್ನಿನ ಮುಚ್ಚಳ ತೆಗೆದು ಹಾಕುವಷ್ಟು.

ಉತ್ತರಕ್ಕೆ ನಕ್ಷತ್ರ ಕೊಡುವ ಯೋಗ ಬರುವ ಹಾಗೆ ಕಾಣಲಿಲ್ಲ. ಚಾರ್ಟು ಬೋಳಾಗಿ ಕಾಣುತ್ತದೆ ಎಂದು ಬೇರೆ ದಾರಿ ಹಿಡಿದೆ. ಬೇಗ ಬಂದವರಿಗೆ ಒಂದು, ಅಕ್ಷರ ದುಂಡಗಿದ್ದವರಿಗೆ ಒಂದು, ಹೀಗೆ ಒಂದು ವಾರದಲ್ಲಿ ಹದಿನೈದು ನಕ್ಷತ್ರ ಅಂಟಿಸಿದೆ. ಒಬ್ಬನಿಗೆ ಐದು ಬಂದವು, ನಾಲ್ಕು ಮಕ್ಕಳಿಗೆ ಒಂದೂ ಬರಲಿಲ್ಲ. ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಚಾರ್ಟಿನ ರೂಪವೇ ಬೇರೆ. ನಕ್ಷತ್ರಗಳನ್ನೆಲ್ಲ ಜೋಪಾನವಾಗಿ ಕಿತ್ತು, ಐದನ್ನು ಬ್ಲೇಡಿನಿಂದ ನಡುವೆ ಸೀಳಿ, ಗಂಜಿ ಹಾಕಿ ಮತ್ತೆ ಅಂಟಿಸಿದ್ದರು. ಹತ್ತು ಹೆಸರು. ಪ್ರತಿ ಹೆಸರಿನ ಮುಂದೂ ಒಂದೂವರೆ ನಕ್ಷತ್ರ.

ಇವತ್ತಾದರೆ ಅದನ್ನು ಕಟ್ಟು ಹಾಕಿಸಿ ಗೋಡೆಗೆ ನೇತುಹಾಕುತ್ತಿದ್ದೆ. ಅವತ್ತು ನನಗೆ ಕಂಡಿದ್ದು ಕಳ್ಳತನ. ಯಾರು ಮಾಡಿದ್ದು ಅಂತ ಕೂಗಾಡಿದೆ. ಒಬ್ಬರೂ ಹೇಳಲಿಲ್ಲ. ಐದು ನಕ್ಷತ್ರ ಕಳಕೊಂಡ ಹುಡುಗನನ್ನೇ ಹಿಡಿದು ಅಲ್ಲಾಡಿಸಿದೆ, ಅವನೂ ಹೇಳಲಿಲ್ಲ. ಹತ್ತು ಮಕ್ಕಳನ್ನೂ ಹೊರಗೆ ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಮಧ್ಯಾಹ್ನದ ಊಟದ ಗಂಟೆ ಹೊಡೆಯುವವರೆಗೆ ನಿಂತಿದ್ದರು. ಮುಂದಿನ ತಿಂಗಳು ನಾನೇ ಅವರಿಗೆ ಭಿನ್ನರಾಶಿ ಕಲಿಸಬೇಕಿತ್ತು. ಹದಿನೈದನ್ನು ಹತ್ತು ಜನಕ್ಕೆ ಹಂಚಿದ ಮಕ್ಕಳನ್ನು ಹದಿನೈದನ್ನು ಹತ್ತು ಜನಕ್ಕೆ ಹಂಚಿದ್ದಕ್ಕೆ ಬಿಸಿಲಿಗೆ ಹಾಕಿದ್ದೇನೆ ಎಂಬುದು ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ.

ಮಾರನೆಯ ದಿನ ಆ ಹುಡುಗಿಯ ಅಜ್ಜಿ ಶಾಲೆಗೆ ಬಂದಳು. ಚಪ್ಪಲಿ ಇಲ್ಲದ ಕಾಲು, ಸೊಂಟಕ್ಕೆ ಸಿಕ್ಕಿಸಿದ ಸೀರೆ ಸೆರಗು. ಜಗಳಕ್ಕೇ ಬಂದಿದ್ದಾಳೆ ಅಂತ ನಾನೂ ಸಿದ್ಧಳಾದೆ. ಅವಳು ಬಾಗಿಲ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

“ಮೇಡಮ್ಮ, ಮಕ್ಕಳ್ನ ಬಿಸಿಲಾಗೆ ನಿಲ್ಸಿದ್ರಂತೆ.”

“ಹೌದು ಅಜ್ಜಿ. ಯಾರು ಕಿತ್ತಿದ್ದು ಅಂದ್ರೆ ಒಬ್ರೂ ಬಾಯಿ ಬಿಡಲ್ಲ.”

“ಅದಿರ್ಲಿ. ದಿನಾ ಏನೇನೋ ಕೇಳ್ತೀರಂತಲ್ಲ, ಅವೆಲ್ಲ ನಿಮಗೆ ಗೊತ್ತಿಲ್ವಾ?”

“ಗೊತ್ತೈತೆ.”

“ಗೊತ್ತಿದ್ದೂ ಯಾಕ್ ಕೇಳ್ತೀರಿ?”

“ಇವರಿಗೆ ಗೊತ್ತೈತೋ ಇಲ್ವೋ ನೋಡಾಕೆ.”

ಅಜ್ಜಿ ನಕ್ಕಳು. ಅವಳಿಗೆ ಮುಂದಿನ ಹಲ್ಲು ಎರಡೇ ಇದ್ದವು. “ನಮ್ಮಾಗೆ ಗೊತ್ತಿಲ್ದೋರು ಕೇಳ್ತಾರೆ, ಗೊತ್ತಿದ್ದೋರು ಹೇಳ್ತಾರೆ. ಗೊತ್ತಿದ್ದೋರೇ ಕೇಳೋದು ಪೊಲೀಸ್ನೋರು ಮಾತ್ರ ಕಣವ್ವ.” ಆಮೇಲೆ ನನ್ನ ಕಡೆ ನೋಡದೆ ಇನ್ನೊಂದು ಮಾತು ಹೇಳಿದಳು. “ಒಬ್ನು ಉತ್ರ ಬರ್ಲಿಲ್ಲ ಅಂತ ನಿಂತಿರ್ತಾನೆ. ಪಕ್ಕದೋನು ಎದ್ದು ಪಟ್ ಅಂತ ಹೇಳಿದ್ರೆ ನಿಂತೋನು ಮುಖ ಎಲ್ಲಿಡ್ಬೇಕು? ಇವೆಲ್ಲ ಅಣ್ತಮ್ಮಂದ್ರ ಮಕ್ಕಳು. ಸಂಜೆ ಒಂದೇ ಕಡೆ ಉಣ್ಬೇಕು.”

ನನಗೆ ಎಲೆ ಮುಂದೆ ಅಳುತ್ತಾ ಕೂತ ತಮ್ಮನ ಮುಖ ನೆನಪಾಯಿತು. ನೆನಪಾಗಿದ್ದಕ್ಕೆ ಸಿಟ್ಟೂ ಬಂತು. “ಹಂಗಾದ್ರೆ ನಿಮ್ಮ ಮಕ್ಕಳು ಹೆಂಗ್ ಕಲೀತಾರೆ, ನೀವೇ ಹೇಳಿ,” ಅಂದೆ. ಆ ಶಾಲೆಗೆ ಬಂದ ಮೇಲೆ, ಕಳ್ಳರನ್ನು ಹುಡುಕಿದ್ದು ಬಿಟ್ಟರೆ, ಉತ್ತರ ಗೊತ್ತಿಲ್ಲದೆ ನಾನು ಕೇಳಿದ ಮೊದಲ ಪ್ರಶ್ನೆ ಅದು.

“ಸಂಜೆ ರೊಪ್ಪಕ್ಕೆ ಬರ್ರಿ,” ಅಂದಳು.

ಕುರಿ ಕೂಡುವ ಮುಳ್ಳುಬೇಲಿಗೆ ಅಲ್ಲಿ ರೊಪ್ಪ ಅನ್ನುತ್ತಾರೆ. ಐದು ಗಂಟೆಯ ಬಸ್ಸು ಬಿಟ್ಟು ಅಲ್ಲಿಗೆ ಹೋದೆ. ಮೊದಲ ಸಲ ಈದ ಕುರಿಯೊಂದು ಮರಿಯನ್ನು ಹತ್ತಿರ ಸೇರಿಸದೆ ಒದೆಯುತ್ತಿತ್ತು. ಹುಡುಗಿಯ ಅಪ್ಪ ಅದನ್ನು ಹಿಡಿಯಲು ಹೋಗುತ್ತಿದ್ದ. ಹುಡುಗಿ ಬೇಲಿಗೆ ಒರಗಿ ನಿಂತಿದ್ದವಳು ಮುಂದೆ ಬಂದು ತೆಲುಗಿನಲ್ಲಿ ಒಂದು ಮಾತು ಹೇಳಿದಳು. ನಾನು ಮಾಡ್ತೀನಿ, ಅಷ್ಟೇ. ಅಪ್ಪ ಏನೂ ಕೇಳಲಿಲ್ಲ. ಬರುತ್ತಾ, ಯಾವಾಗ ಕಲಿತೆ, ಹುಷಾರು, ಒಂದೂ ಇಲ್ಲ. ಪಕ್ಕಕ್ಕೆ ಸರಿದು ನಿಂತ. ಅವಳು ಕುರಿಯನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು, ನಾಲ್ಕು ಹನಿ ಹಾಲು ಹಿಂಡಿ, ಅದನ್ನು ಮರಿಯ ಬೆನ್ನಿಗೂ ಬಾಲಕ್ಕೂ ಸವರಿ, ಕುರಿಯ ಮೂಗಿನ ಹತ್ತಿರ ಹಿಡಿದಳು. ಕುರಿ ಮೂಸಿತು. ತನ್ನದೇ ಹಾಲಿನ ವಾಸನೆ. ಎರಡು ಸಲ ಒದ್ದು ಮೂರನೆಯ ಸಲ ಸುಮ್ಮನಾಯಿತು. ಮರಿ ಕುಡಿಯತೊಡಗಿತು. ಶಭಾಷ್ ಅಂತ ಒಬ್ಬರೂ ಅನ್ನಲಿಲ್ಲ. ಅಪ್ಪ ಆಗಲೇ ಇನ್ನೊಂದು ಕುರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದ.

“ಇವತ್ತೇ ಮೊದ್ಲು ಮಾಡಿದ್ದು,” ಅಂದಳು ಅಜ್ಜಿ. “ಎರಡು ವರ್ಷದಿಂದ ನೋಡ್ತಾ ನಿಂತಿದ್ಲು. ಆಗೋವರ್ಗೂ ನೋಡ್ಬೇಕು. ಆದ ದಿನ ಅವ್ರೇ ಹೇಳ್ತಾರೆ. ನಾವ್ ಹೇಳ್ಸೋದಲ್ಲ.”

ನಾನು ಗೇಟಿಗೆ ನಡೆದು ಬಂದು, ಸಿಕ್ಕ ಟ್ರ್ಯಾಕ್ಟರಿನಲ್ಲಿ ಕೂತು ತಳಕಿನವರೆಗೆ ಬಂದು, ಅಲ್ಲಿಂದ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಆ ಹುಡುಗಿ ನನ್ನ ಕೈಯನ್ನು ಯಾಕೆ ನೋಡುತ್ತಿದ್ದಳು ಎನ್ನುವುದು ಬಸ್ಸಿನಲ್ಲಿ ಕೂತ ಮೇಲೆ ಅರ್ಥವಾಯಿತು.

ಮರುದಿನ ಚಾರ್ಟು ತೆಗೆದು ಬೀರುವಿನೊಳಗಿಟ್ಟೆ. ತರಬೇತಿಯ ಪ್ರಯೋಗಕ್ಕೆ ನಮಸ್ಕಾರ ಹೇಳಿ ನನ್ನದೇ ಪ್ರಯೋಗ ಶುರು ಮಾಡಿದೆ. ನನಗೆ ಗೊತ್ತಿರುವುದನ್ನು ಕೇಳುವುದಿಲ್ಲ, ಹೇಳುತ್ತೇನೆ. ಗೊತ್ತಿಲ್ಲದ್ದನ್ನು ಮಾತ್ರ ಕೇಳುತ್ತೇನೆ. ಯಾರಿಗೆ ಯಾವತ್ತು ಆಯಿತೋ ಅವತ್ತು ಅವರೇ ‘ನಾನು ಮಾಡ್ತೀನಿ’ ಅಂತ ಎದ್ದು ಬರಲಿ. ದಿನಾ ಬೆಳಿಗ್ಗೆ ಪುಸ್ತಕ ಬಿಚ್ಚಿ, ಸಾಲಿನ ಕೆಳಗೆ ಬೆರಳಿಟ್ಟು, ನಾನೇ ಜೋರಾಗಿ ಓದುತ್ತಿದ್ದೆ. ಮಕ್ಕಳು ಸುತ್ತ ಮುತ್ತಿಕೊಂಡು ನೋಡುತ್ತಿದ್ದವು. ಆಮೇಲೆ ಕೇಳುವ ಸರದಿ ನನ್ನದು: ಎರಡು ಮಂದೆ ಒಂದಕ್ಕೊಂದು ಸೇರಿಕೊಂಡರೆ ನಿಮ್ಮ ಕುರಿ ಯಾವುದು ಅಂತ ಹೇಗೆ ಗೊತ್ತಾಗುತ್ತೆ? ಕುರಿ ಯಾವ ಸೊಪ್ಪು ಮುಟ್ಟಲ್ಲ? ಆ ಬಾವಿ ನೀರು ಬೇಸಿಗೆಯಲ್ಲಿ ಯಾಕೆ ಉಪ್ಪಾಗುತ್ತೆ?

ಬಾಯಿಗೆ ಬೀಗ ಹಾಕಿಕೊಂಡಿದ್ದ ಮಕ್ಕಳು ಮಾತಾಡತೊಡಗಿದರೆ ನಿಲ್ಲಿಸುವುದೇ ಕಷ್ಟವಾಯಿತು. ಒಬ್ಬ ಹೇಳಿದ್ದಕ್ಕೆ ಇನ್ನೊಬ್ಬ ಸೇರಿಸುವುದು, ತೆಲುಗಿನಲ್ಲಿ ಜಗಳವಾಡಿ ಕನ್ನಡದಲ್ಲಿ ನನಗೆ ತೀರ್ಪು ಕೊಡುವುದು. ಅವರು ಹೇಳಿದ್ದನ್ನೆಲ್ಲ ಬೋರ್ಡಿನ ಮೇಲೆ ಬರೆದೆ. ತಪ್ಪು ಬರೆದರೆ ನನ್ನನ್ನು ತಿದ್ದಿದರು. ನನಗೆ ಗೊತ್ತಿಲ್ಲ ಅನ್ನುವುದು ಅವರಿಗೆ ಎಷ್ಟು ಸಂತೋಷ ಕೊಟ್ಟಿತು ಅಂದರೆ, ಸ್ವಲ್ಪ ಅವಮಾನವೇ ಆಯಿತು.

ಸೆಪ್ಟೆಂಬರಿನಲ್ಲಿ ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ ಎದ್ದು ಬಂದು “ಮಿಸ್, ನಾನ್ ಓದ್ತೀನಿ” ಅಂದ. ಒಂದಿಡೀ ಪುಟ ಓದಿದ. ನಾನು ಹಿಗ್ಗಿ ಚಪ್ಪಾಳೆ ತಟ್ಟಿಬಿಟ್ಟೆ. ಅವನು ಕೆಂಪಗಾಗಿ ಹೋಗಿ ಕೂತವನು ಒಂದು ವಾರ ಪುಸ್ತಕ ಮುಟ್ಟಲಿಲ್ಲ. ಅವತ್ತಿನಿಂದ ನನ್ನ ಕೈಗಳನ್ನು ಕಟ್ಟಿಕೊಂಡು ಕೂರುವುದನ್ನು ಕಲಿತೆ. ನೋಡಿ ಕಲಿತದ್ದು, ಯಾರೂ ಹೇಳಿಕೊಟ್ಟಿದ್ದಲ್ಲ.

ಹೆಡ್ ಮೇಷ್ಟ್ರು ಒಳ್ಳೆಯವರು, ಆದರೆ ಭಯಸ್ಥರು. “ಮೇಡಂ, ಮೇಲಿನಿಂದ ಯಾರಾದ್ರೂ ಬಂದು ಚಾರ್ಟ್ ಎಲ್ಲಿ ಅಂದ್ರೆ ಏನ್ ಹೇಳ್ತೀರಿ? ನಮಗ್ಯಾಕ್ರಿ ಇಲ್ಲದ ಉಸಾಬರಿ?” ಅನ್ನುತ್ತಿದ್ದರು. ಮನೆಯಲ್ಲಿ ನನ್ನವ್ವನದು ಬೇರೆ ರಾಗ. “ಹಟ್ಟಿ ಹುಡುಗ್ರಿಗೆ ಓದು ಎಲ್ಲಿ ಹತ್ತುತ್ತೆ ಬಿಡೇ. ನೀನ್ಯಾಕೆ ಅವರ ಸಲುವಾಗಿ ಒಣಗ್ತೀಯ?” ಅಂದಳು ಒಂದು ದಿನ, ತಟ್ಟೆಗೆ ರೊಟ್ಟಿ ಹಾಕುತ್ತಾ. ಈ ಮಾತನ್ನು ನಾನು ಸಾವಿರ ಸಲ ಕೇಳಿದ್ದೇನೆ. ಮಿಲ್ಲಿನಲ್ಲಿ, ಮದುವೆ ಮನೆಯಲ್ಲಿ, ಶಿಕ್ಷಕರ ಸಭೆಯಲ್ಲಿ ಟೀ ಕುಡಿಯುವಾಗ. ನಾನೂ ಆಡಿದ್ದೇನೆ. ಓದು ಅವರಿಗೆ ಹತ್ತುವುದಿಲ್ಲ ಅನ್ನುತ್ತೇವೆ, ಓದನ್ನು ನಾವು ಅವರ ಮುಂದೆ ಯಾವ ರೂಪದಲ್ಲಿ ಹಿಡಿದೆವು ಅಂತ ಒಂದು ಸಲವೂ ಯೋಚಿಸುವುದಿಲ್ಲ. ಅವತ್ತು ರೊಟ್ಟಿ ಬಿಟ್ಟು ಎದ್ದೆ. “ಹತ್ತದೇ ಇರೋದು ನಮಗೆ, ಅವರಿಗಲ್ಲ” ಅಂದೆ. ಅವ್ವನಿಗೆ ಏನೂ ಅರ್ಥವಾಗಲಿಲ್ಲ, ತಟ್ಟೆ ತೆಗೆದಳು.

ಇಷ್ಟೆಲ್ಲ ಶೂರತನದ ಮಾತಾಡಿದರೂ ನನಗೇ ಪೂರ್ತಿ ನಂಬಿಕೆ ಇರಲಿಲ್ಲ. ಡಿಸೆಂಬರ್ ಹೊತ್ತಿಗೆ ಹತ್ತರಲ್ಲಿ ಒಂಬತ್ತು ಮಕ್ಕಳು ತಾವಾಗಿ ಎದ್ದು ಬಂದು ಓದಿದ್ದರು. ಆ ಹುಡುಗಿ ಬರಲಿಲ್ಲ. ದಿನಾ ನನ್ನ ಬೆರಳಿನ ಪಕ್ಕದಲ್ಲೇ ಕೂರುತ್ತಿದ್ದಳು, ನೋಡುತ್ತಿದ್ದಳು, ಹೋಗುತ್ತಿದ್ದಳು. ಒಂದು ಮಧ್ಯಾಹ್ನ ನನಗೆ ತಡೆಯಲಾಗದೆ, ಬೆರಳನ್ನು ಒಂದು ಪದದ ಮೇಲೆ ನಿಲ್ಲಿಸಿ, ಮರೆತವಳ ಹಾಗೆ ನಟಿಸಿ, “ಇದೇನೋ ಇದೆಯಲ್ಲಾ…” ಅಂದೆ. ಅವಳು ತಲೆಯೆತ್ತಿ ನನ್ನನ್ನು ನೋಡಿದ ರೀತಿಗೆ ನಾನು ಕಣ್ಣು ತಪ್ಪಿಸಿದೆ.

ಅವಳಿಗೆ ಸಮಯ ಇರಲಿಲ್ಲ, ಅದು ನನ್ನ ಸಂಕಟ. ಐದನೇ ಕ್ಲಾಸು ಮುಗಿದರೆ ಹಟ್ಟಿಯಲ್ಲಿ ಶಾಲೆ ಇಲ್ಲ. ಅವಳ ದೊಡ್ಡಪ್ಪನ ಮಗಳು ಮೊಳಕಾಲ್ಮೂರಿನಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದಳು. ರಜಕ್ಕೆ ಬಂದಾಗ ಅವಳ ಟ್ರಂಕಿನ ಬೀಗ ತೆಗೆಯುವುದನ್ನೂ ಹಾಕುವುದನ್ನೂ ಈ ಹುಡುಗಿ ನೋಡುತ್ತಾ ಕೂರುತ್ತಾಳೆ ಅಂತ ಅಜ್ಜಿ ಹೇಳಿದ್ದಳು. ನೋಡುತ್ತಾ ಕೂರುತ್ತಾಳೆ ಅಂದರೆ ಏನು ಅಂತ ಅಷ್ಟು ಹೊತ್ತಿಗೆ ನನಗೆ ಗೊತ್ತಿತ್ತು. ಅವಳಿಗೂ ಹೋಗಬೇಕಿತ್ತು.

ಅದೇ ತಿಂಗಳು ಮೇಲಿನ ಕಚೇರಿಯಿಂದ ಒಂದು ನಮೂನೆ ಬಂತು. ಬುದ್ಧಿ ಬೆಳವಣಿಗೆ ಕಡಿಮೆ ಇರುವ ಮಕ್ಕಳ ಪಟ್ಟಿ ಮಾಡಬೇಕು, ರಿಜಿಸ್ಟರಿನ ಟಿಪ್ಪಣಿ ನೋಡಿ ಮಗುವನ್ನು ಪರೀಕ್ಷಿಸಿ ಶಿಕ್ಷಕರ ಸಹಿಯೊಂದಿಗೆ ಕಳಿಸಬೇಕು. ಪಟ್ಟಿಗೆ ಸೇರಿದ ಮಗುವಿನ ಹಾಸ್ಟೆಲ್ ಅರ್ಜಿ ಮುಂದಕ್ಕೆ ಹೋಗುವುದಿಲ್ಲ ಅಂತ ಅದರಲ್ಲೆಲ್ಲೂ ಬರೆದಿರಲಿಲ್ಲ. ಆದರೆ ಹೋಗುವುದಿಲ್ಲ, ಅದು ನಮಗೆಲ್ಲ ಗೊತ್ತು. ನಮ್ಮ ರಿಜಿಸ್ಟರಿನಲ್ಲಿ ಅಂಥ ಟಿಪ್ಪಣಿ ಇದ್ದದ್ದು ಒಂದೇ.

ಪರೀಕ್ಷೆ ಮಾಡಲು ಮೇಲಿನ ಕಚೇರಿಯ ಸಾಹೇಬರು ಜೀಪಿನಲ್ಲಿ ಬಂದರು. ಕೆಟ್ಟ ಮನುಷ್ಯರೇನಲ್ಲ. ದಣಿದಿದ್ದರು, ಅವತ್ತು ಇನ್ನೂ ಮೂರು ಶಾಲೆ ನೋಡಬೇಕಿತ್ತು. ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ಬ್ಯಾಗಿನಿಂದ ಚಿತ್ರದ ಕಾರ್ಡು ತೆಗೆದರು. ಮೊದಲನೆಯದು ಕೋಳಿ.

“ಇದೇನಮ್ಮಾ? ನಿಮ್ಮನೇಲಿ ಇರುತ್ತಲ್ಲಾ, ಏನಿದು?”

ಹುಡುಗಿ ಕಾರ್ಡು ನೋಡಿದಳು. ಅವರನ್ನು ನೋಡಿದಳು. ಕೋಳಿಯ ನೆರಳು ಕೂಡ ಬೀಳದ ಹಟ್ಟಿಯಲ್ಲಿ ಕೂತು ಹೀಗೆ ಕೇಳುತ್ತಾರಲ್ಲಾ ಅಂತ ನನಗೆ ನಗು ಬಂತು, ನಗುವ ಹಾಗಿರಲಿಲ್ಲ. ಸಾಹೇಬರು ಸೊನ್ನೆ ಬರೆದರು. ಎರಡನೆಯದು ಹಸು. ಇದಕ್ಕೆ ಎಷ್ಟು ಕಾಲು? ಸುಮ್ಮನೆ. ಸೊನ್ನೆ. ಕೊಡ, ಮರ, ಸೂರ್ಯ. ಸೊನ್ನೆ, ಸೊನ್ನೆ, ಸೊನ್ನೆ. ಕಿಟಕಿಯಲ್ಲಿ ಉಳಿದ ಒಂಬತ್ತು ಮುಖಗಳಿದ್ದವು. ಒಬ್ಬರೂ ಅವಳಿಗೆ ಪಿಸುಗುಟ್ಟಿ ಹೇಳಿಕೊಡಲಿಲ್ಲ. ಹಾಗೆ ಮಾಡಿದರೆ ಅವಳ ಮರ್ಯಾದೆ ಏನಾಗಬೇಕು?

“ನೋಡ್ರಿ ಮೇಡಂ,” ಅಂದರು ಸಾಹೇಬರು. “ಹಸುಗೆ ಎಷ್ಟು ಕಾಲು ಅಂದ್ರೂ ಹೇಳಲ್ಲ.”

“ನಿಮಗೆ ಗೊತ್ತಿಲ್ವಾ ಸರ್?” ಅಂದೆ.

ಹೆಡ್ ಮೇಷ್ಟ್ರು ಜೋರಾಗಿ ಕೆಮ್ಮಿದರು.

“ಏನ್ ಮೇಡಂ ಹಂಗಂದ್ರೆ?”

“ನಿಮಗೆ ಗೊತ್ತಿರೋದನ್ನ ಕೇಳಿದ್ರೆ ಅವಳು ಹೇಳಲ್ಲ ಸರ್. ಗೊತ್ತಿಲ್ಲದ್ದು ಕೇಳಿ. ಮರಿ ಸೇರಿಸದ ಕುರಿಗೆ ಏನ್ ಮಾಡ್ಬೇಕು ಕೇಳಿ.”

“ಅದು ಕಾರ್ಡಿನಲ್ಲಿ ಇಲ್ಲ.” ಅವರು ನಮೂನೆಯನ್ನು ನನ್ನ ಕಡೆ ತಳ್ಳಿದರು. “ಸಹಿ ಹಾಕಿ. ನನಗೆ ಇನ್ನೂ ಮೂರು ಕಡೆ ಹೋಗೋದೈತೆ.”

“ಹಾಕಲ್ಲ ಸರ್.”

ಆಗ ಅವರು ರಿಜಿಸ್ಟರು ತೆರೆದು ಆ ಪುಟಕ್ಕೆ ಬೆರಳಿಟ್ಟರು. “ಇದು ಯಾರ ಕೈಬರಹ? ನೀವೇ ಬರೆದು, ನೀವೇ ಸಹಿ ಹಾಕಿ, ಈಗ ಹಾಕಲ್ಲ ಅಂದ್ರೆ ಹೆಂಗೆ?”

ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನನ್ನ ದುಂಡಗಿನ ಅಕ್ಷರ ನನ್ನನ್ನೇ ನೋಡುತ್ತಿತ್ತು. ಹುಡುಗಿಯೂ ನೋಡುತ್ತಿದ್ದಳು, ಎಂದಿನಂತೆ ನನ್ನ ಕೈಯನ್ನು. ಮೇಜಿನ ಮೇಲಿದ್ದ ಕೆಂಪು ಪೆನ್ನು ತೆಗೆದುಕೊಂಡು ಆ ಎರಡು ಪದದ ಮೇಲೆ ಗೆರೆ ಎಳೆದೆ. ಪಕ್ಕದಲ್ಲಿ ಬರೆದೆ: ‘ಇದು ತಪ್ಪು. ಗ್ರಹಿಕೆ ಕಡಿಮೆ ಇದ್ದದ್ದು ಶಿಕ್ಷಕಿಗೆ.’ ಸಹಿ ಹಾಕಿ ದಿನಾಂಕ ನಮೂದಿಸಿದೆ.

“ದಾಖಲೆ ತಿದ್ದೋದು ಅಪರಾಧ, ಗೊತ್ತಾ?” ಅಂದರು ಸಾಹೇಬರು. ಅವರ ದನಿ ಏರಿತ್ತು.

“ಗೊತ್ತು ಸರ್. ಅದಕ್ಕೇ ಕದ್ದು ತಿದ್ದಿಲ್ಲ, ನಿಮ್ಮ ಮುಂದೇನೇ ತಿದ್ದಿದೀನಿ.”

ಜೀಪು ಹೋಯಿತು. ಹೆಡ್ ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಕೂತರು. ನನಗೆ ಅಷ್ಟು ಹಗುರ ಅನ್ನಿಸಿದ ದಿನ ನನ್ನ ನೌಕರಿಯಲ್ಲಿ ಇನ್ನೊಂದಿಲ್ಲ.

ಸಂಕ್ರಾಂತಿ ಕಳೆದ ಮೇಲೆ ನೋಟಿಸು ಬಂತು. ಹೆಡ್ ಮೇಷ್ಟ್ರು ಅದನ್ನು ಎರಡು ಬೆರಳಲ್ಲಿ ಹಿಡಿದು ತಂದು ನನ್ನ ಮೇಜಿನ ಮೇಲಿಟ್ಟು ಹೋದರು. ನಾನು ಒಂದು ಸಲ ಓದಿ ಡಸ್ಟರಿನ ಕೆಳಗೆ ಇಟ್ಟೆ. ಪಾಠ ಮಾಡಲು ಮನಸ್ಸಾಗಲಿಲ್ಲ.

ಆಗ ಆ ಹುಡುಗಿ ಎದ್ದಳು. ಮೇಜಿನ ಹತ್ತಿರ ಬಂದು, “ಮಿಸ್, ನಾನ್ ಓದ್ತೀನಿ,” ಅಂದಳು.

ನಾನು ಪಾಠದ ಪುಸ್ತಕ ತೆಗೆಯಲು ಕೈ ಚಾಚಿದೆ. ಅವಳು ಡಸ್ಟರು ಸರಿಸಿ ನೋಟಿಸು ಎತ್ತಿಕೊಂಡಳು. ಎರಡೂ ಕೈಯಲ್ಲಿ ಹಿಡಿದು, ನೆಟ್ಟಗೆ ನಿಂತು ಓದಿದಳು. “ಶಾಲಾ ದಾಖಲೆಯನ್ನು ಅನಧಿಕೃತವಾಗಿ ತಿದ್ದಿರುವ ಹಾಗೂ ಪರಿಶೀಲನಾ ಕಾರ್ಯಕ್ಕೆ ಅಡ್ಡಿಪಡಿಸಿರುವ ತಮ್ಮ ಮೇಲೆ ಏಕೆ ಶಿಸ್ತುಕ್ರಮ ಜರುಗಿಸಬಾರದು ಎಂಬುದಕ್ಕೆ ಏಳು ದಿನಗಳೊಳಗಾಗಿ ಲಿಖಿತ ವಿವರಣೆ ನೀಡತಕ್ಕದ್ದು.” ‘ಅನಧಿಕೃತ’ದ ಹತ್ತಿರ ಒಂದು ಗಳಿಗೆ ನಿಂತು, ಉಸಿರೆಳೆದುಕೊಂಡು ದಾಟಿದಳು. ಬೇರೆಲ್ಲೂ ನಿಲ್ಲಲಿಲ್ಲ. ಮೊದಲ ಸಾಲಿನಿಂದ ಕೊನೆಯ ಮೊಹರಿನವರೆಗೆ ಓದಿದಳು.

ನಾನು ಕೈ ಕಟ್ಟಿಕೊಂಡು ಕೂತಿದ್ದೆ. ಕಣ್ಣು ನನ್ನ ಮಾತು ಕೇಳಲಿಲ್ಲ, ಅದನ್ನೇನು ಮಾಡಲಿ.

“ಶಿಸ್ತುಕ್ರಮ ಅಂದ್ರೇನ್ ಮಿಸ್?” ಅಂತ ಕೇಳಿದಳು. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಹೇಳಿದೆ.

ಅವಳು ಸ್ವಲ್ಪ ಯೋಚಿಸಿದಳು. “ನಿಮ್ನೂ ಬಿಸಿಲಾಗೆ ನಿಲ್ಲಿಸ್ತಾರಾ?”

“ಹೆಚ್ಚೂ ಕಮ್ಮಿ ಹಂಗೇ.”

“ಅವತ್ತು ಬ್ಲೇಡಿಂದ ಕುಯ್ದಿದ್ದು ನಾನೇ ಮಿಸ್,” ಅಂದಳು. ಈ ಸಲ ಯಾರು ಮಾಡಿದ್ದು ಅಂತ ನಾನು ಕೇಳಿರಲಿಲ್ಲ.

ನನ್ನ ಮನೆಯ ಬುದ್ಧಿ ಎಲ್ಲಿ ಹೋಗುತ್ತದೆ? ಮೊದಲು ಹೊಳೆದದ್ದು ಅದೇ: ಈಗಲೇ ಫೋನು ಮಾಡಿ ಸಾಹೇಬರನ್ನು ಕರೆಸಬೇಕು, ಅವರ ಮುಂದೆ ಇವಳನ್ನು ನಿಲ್ಲಿಸಿ ಓದಿಸಬೇಕು, ಅವರ ಮುಖ ನೋಡಬೇಕು. ‘ಸಾಹೇಬರಿಗೂ ಓದಿ ತೋರಿಸು’ ಅಂತ ಫೋನು ಕೈಗೂ ತೆಗೆದುಕೊಂಡೆ. ಹುಡುಗಿ ಬೇಡ ಅಂತ ತಲೆಯಾಡಿಸಿದಳು.

“ನಾನು ಓದಿದ್ದು ನಿಮಗೆ. ಅವರಿಗೆ ಓದಾಕ್ ಬರುತ್ತಲ್ಲಾ, ಅವರೇ ಬರ್ದಿರೋದು.”

“ಆಯ್ತು. ವಿವರಣೆ ಕೊಡ್ಬೇಕಲ್ಲ, ಅದರಲ್ಲಿ ನೀನು ಓದಿದ್ದನ್ನ ಬರೀಲಾ?”

ಇದು ಉತ್ತರ ಗೊತ್ತಿಲ್ಲದೆ ಕೇಳಿದ ಪ್ರಶ್ನೆ. ಅದಕ್ಕೇ ಹೇಳಿದಳು.

ಅವತ್ತು ಮಧ್ಯಾಹ್ನ ವಿವರಣೆ ಬರೆದೆ. ಒಂದೇ ಪುಟ. ಕ್ಷಮೆ ಎಂಬ ಪದವನ್ನು ಒಂದೇ ಕಡೆ ಬಳಸಿದೆ, ಅದೂ ಹುಡುಗಿಯ ಹೆಸರಿನ ಮುಂದೆ. ಹೆಡ್ ಮೇಷ್ಟ್ರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಕೊನೆಯ ಸಾಲು ತೆಗೆಸುತ್ತಾರೆ ಅಂದುಕೊಂಡೆ. ಅವರು ಏನೂ ತಿದ್ದದೆ, ‘ಮೇಲಿನದು ಸತ್ಯ’ ಅಂತ ಬರೆದು ತಮ್ಮ ಸಹಿಯನ್ನೂ ಹಾಕಿ, ನನ್ನ ಮುಖ ನೋಡದೆ ನೀರು ಕುಡಿಯಲು ಹೋದರು.

ಅದಕ್ಕೆ ಉತ್ತರ ಬರಲಿಲ್ಲ. ಉತ್ತರದ ಬದಲು ನನ್ನನ್ನು ಒಂದು ವರ್ಷ ಪರಶುರಾಂಪುರದ ಆಚೆಯ ಬೇರೆ ಶಾಲೆಗೆ ಹಾಕಿದರು. ಹಾಕಲಿ. ನನ್ನ ಸಹಿ ಇಲ್ಲದ್ದರಿಂದ ಪಟ್ಟಿಗೆ ಅವಳ ಹೆಸರು ಏರಲಿಲ್ಲ. ಅರ್ಜಿ ಮುಂದಕ್ಕೆ ಹೋಯಿತು. ಜೂನಿನಲ್ಲಿ ಅವಳು ಮೊಳಕಾಲ್ಮೂರಿಗೆ ಹೋದಳು, ತನ್ನದೇ ಟ್ರಂಕು, ತನ್ನದೇ ಬೀಗ.

ವಿವರಣೆಯ ಒಂದು ಪ್ರತಿ ನನ್ನ ಮನೆಯ ಬೀರುವಿನಲ್ಲಿ, ಶಾಲೆಯಿಂದ ತಂದ ಆ ಚಾರ್ಟಿನ ಜೊತೆಗೇ ಇದೆ. ಅದರ ಕೊನೆಯ ಸಾಲುಗಳು ಹೀಗಿವೆ: ‘ಸದರಿ ನೋಟಿಸನ್ನು ಸದರಿ ವಿದ್ಯಾರ್ಥಿನಿಯು ತಾನಾಗಿಯೇ ಪೂರ್ತಿ ಓದಿ ನನಗೆ ತಿಳಿಸಿದ್ದಾಳೆ. ಯಾರು ಬಂದು ಕೇಳಿದರೂ ಮತ್ತೊಮ್ಮೆ ಓದಿ ತೋರಿಸುವುದಿಲ್ಲವೆಂದು ತಮಗೆ ತಿಳಿಸಲು ಹೇಳಿದ್ದಾಳೆ.’